ಐದನೇ ಕ್ಲಾಸಿಗೆ ಬಂದ ಮೇಲೆ ಮಗ ಗಣಿತದಲ್ಲಿ ಹಿಂದೆ ಬಿದ್ದ. ಟ್ಯೂಷನ್ ಕ್ಲಾಸಿಗೆ ಹಾಕುವುದೊಂದೇ ದಾರಿಯಾ?

ಭಾಂಡುಪ್ ಅಮ್ಮ (ಆಗಸ್ಟ್, ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನಾವು ಭಾಂಡುಪ್‌ನಲ್ಲಿದ್ದೇವೆ. ಊರು ಕುಂದಾಪುರದ ಕಡೆ. ಮನೆಯವರು ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಮಾಡುತ್ತಾರೆ. ನಾನು ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು.

ಮಗ ಈ ವರ್ಷ ಐದನೇ ಕ್ಲಾಸು. ಸೆಮಿ ಇಂಗ್ಲಿಷ್ ಶಾಲೆ. ನಾಲ್ಕನೆಯವರೆಗೆ ಎಲ್ಲವೂ ಮರಾಠಿಯಲ್ಲಿತ್ತು. ಈಗ ಗಣಿತ, ವಿಜ್ಞಾನ ಎರಡು ಇಂಗ್ಲಿಷ್‌ನಲ್ಲಿ ಶುರುವಾಗಿವೆ. ಮೊದಲ ಯೂನಿಟ್ ಟೆಸ್ಟ್‌ನಲ್ಲಿ ಗಣಿತಕ್ಕೆ 20ರಲ್ಲಿ 4 ಬಂತು. ಮರಾಠಿಯಲ್ಲಿ 15 ಇದೆ. ಉತ್ತರ ಪತ್ರಿಕೆ ಎರಡು ವಾರ ಹಾಸಿಗೆಯ ಕೆಳಗೇ ಇತ್ತು. ಚಾದರ ಒಗೆಯಲು ತೆಗೆದಾಗ ನನ್ನ ಕೈಗೆ ಸಿಕ್ಕಿತು. ಅದು ನನ್ನನ್ನು ಮಾರ್ಕಿಗಿಂತ ಜಾಸ್ತಿ ನೋಯಿಸಿತು. ಇವನು ನನ್ನಿಂದ ಏನನ್ನೂ ಮುಚ್ಚಿಟ್ಟವನಲ್ಲ.

ಪಾಲಕರ ಸಭೆಯಲ್ಲಿ ಟೀಚರ್ ಎರಡು ನಿಮಿಷ ಮಾತಾಡಿದರು. "ಲಕ್ಷ್ಯ ಕೊಡುವುದಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಸಿ" ಅಂದರು. ನನ್ನ ಹಿಂದೆ ಉದ್ದ ಸಾಲು ಇತ್ತು. ಎದ್ದು ಬಂದೆ.

ನಮ್ಮ ಬಿಲ್ಡಿಂಗಿನ ಪಕ್ಕದಲ್ಲೇ ಒಂದು ಕ್ಲಾಸ್ ಇದೆ. ತಿಂಗಳಿಗೆ 1,800 ರೂಪಾಯಿ. ನಮಗೆ ಅದು ದೊಡ್ಡ ಮೊತ್ತವೇ. ಹೇಗಾದರೂ ಹೊಂದಿಸಬಹುದು, ಆದರೆ ಅದರಿಂದ ಆಗುತ್ತದಾ? ಇಂಗ್ಲಿಷ್ ಬಾರದ ನಾನು ಮನೆಯಲ್ಲೇ ಏನಾದರೂ ಮಾಡಬಹುದಾ? ತಿಳಿದವರು ಹೇಳಿ.

ಕಲ್ಯಾಣ್ ಅಪ್ಪ

ಅಕ್ಕ, ಹಾಕಿಬಿಡಿ. ತಡ ಮಾಡಬೇಡಿ. ಮೊದಲು ಎಂಟನೆಯವರೆಗೆ ಯಾರನ್ನೂ ಫೇಲ್ ಮಾಡುತ್ತಿರಲಿಲ್ಲ. 2019ರಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು) ಕಾನೂನಿಗೆ ತಿದ್ದುಪಡಿ ಆಯಿತು. ಅದಾದ ಮೇಲೆ ನಮ್ಮ ಮಹಾರಾಷ್ಟ್ರದಲ್ಲೂ 5 ಮತ್ತು 8ನೇ ತರಗತಿಗೆ ವಾರ್ಷಿಕ ಪರೀಕ್ಷೆ ಬಂದಿದೆ. ಪಾಸಾಗದಿದ್ದರೆ ಮತ್ತೊಮ್ಮೆ ಪರೀಕ್ಷೆ. ಅದರಲ್ಲೂ ಆಗದಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ. ನನ್ನ ಮಗಳಿಗೆ ಕ್ಲಾಸಿನಿಂದ ಒಳ್ಳೆಯದೇ ಆಗಿದೆ.

ಡೊಂಬಿವಲಿ ಅಮ್ಮ

ನನ್ನ ಅನುಭವ ಬೇರೆ. ಮಗಳನ್ನು ಎರಡು ವರ್ಷ ಕ್ಲಾಸಿಗೆ ಕಳಿಸಿದೆ. ಅಲ್ಲಿ 25 ಮಕ್ಕಳು. ಶಾಲೆಯ ಹೋಮ್‌ವರ್ಕನ್ನೇ ಬೋರ್ಡಿನ ಮೇಲೆ ಬಿಡಿಸುತ್ತಿದ್ದರು, ಇವಳು ಬರೆದುಕೊಂಡು ಬರುತ್ತಿದ್ದಳು. ನೋಟ್‌ಬುಕ್ ತುಂಬಾ ಸರಿ ಗುರುತುಗಳು. ಒಂದು ದಿನ ಅದೇ ಲೆಕ್ಕವನ್ನು ಬೇರೆ ಅಂಕಿ ಹಾಕಿ ಕೊಟ್ಟೆ. ಕೈಯೇ ಓಡಲಿಲ್ಲ. ಎರಡು ವರ್ಷ ಹೋಯಿತು ಅನ್ನುವ ಸಂಕಟ ಈಗಲೂ ಇದೆ.

ಇನ್ನೊಂದು ಮಾತು. ಶಾಲೆಯ ಟೀಚರೇ "ನನ್ನ ಹತ್ತಿರ ಟ್ಯೂಷನ್‌ಗೆ ಕಳಿಸಿ" ಅಂದರೆ ಒಪ್ಪಬೇಡಿ. ಆರ್‌ಟಿಇ ಕಾನೂನಿನ 28ನೇ ಕಲಮಿನ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ನಮಗೆ ಹಾಗೆ ಒತ್ತಾಯ ಮಾಡಿದ್ದರು. ಆಗ ಈ ನಿಯಮ ನನಗೆ ಗೊತ್ತಿರಲಿಲ್ಲ.

ವಡಾಲಾ ಟೀಚರ್ (ನಿವೃತ್ತ)

ಭಾಂಡುಪ್ ತಂಗಿ, ಕ್ಲಾಸಿಗೆ ಹಾಕಬೇಕೋ ಬೇಡವೋ ಎನ್ನುವುದನ್ನು ಒಂದು ವಾರ ಪಕ್ಕಕ್ಕಿಡು. ಅದಕ್ಕಿಂತ ಮೊದಲು ಗೊತ್ತಾಗಬೇಕಾದ್ದು ಒಂದಿದೆ. ಹುಡುಗ ಎಲ್ಲಿ ನಿಂತಿದ್ದಾನೆ? ಐದನೇ ಕ್ಲಾಸಿನಲ್ಲಿ ಕೂತಿದ್ದಾನೆ, ಅದು ಬೆಂಚು. ಅವನ ಗಣಿತ ಯಾವ ಕ್ಲಾಸಿನಲ್ಲಿದೆ? ಎರಡನೆಯದರಲ್ಲಾ, ಮೂರನೆಯದರಲ್ಲಾ? ಅದು ತಿಳಿಯದೆ ಐದನೆಯ ಪಾಠವನ್ನು ಎಷ್ಟು ಸಲ ಹೇಳಿಕೊಟ್ಟರೂ ಅವನಿಗೆ ಹತ್ತುವುದಿಲ್ಲ. ಕ್ಲಾಸಿನವರು ಹೇಳಿದರೂ ಅಷ್ಟೇ, ನೀನು ಹೇಳಿದರೂ ಅಷ್ಟೇ.

ನಾನು ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಬಹಳ ವರ್ಷ ಇದ್ದೆ. ಈ ಪಾಠ ನನಗೆ ಕಲಿಸಿದ್ದು ಇದೇ ಊರು. 1995ರ ಸುಮಾರಿಗೆ ಇಲ್ಲಿನ ಬಸ್ತಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, 'ಪ್ರಥಮ್' ಸಂಸ್ಥೆ ಕೆಲಸ ಶುರು ಮಾಡಿತು. ಅವರು 'ಬಾಲಸಖಿ' ಅಂತ ಒಂದು ಪದ್ಧತಿ ತಂದರು. 3, 4ನೇ ಕ್ಲಾಸಿಗೆ ಬಂದರೂ ಓದಲು, ಕೂಡಿಸಲು ಬಾರದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸುವುದು. ಹೇಳಿಕೊಡುವವಳು ಅದೇ ಬಸ್ತಿಯ, ಹತ್ತೋ ಹನ್ನೆರಡೋ ಓದಿದ ಹುಡುಗಿ. ಅವಳು ಹಿಂದಿನ ತರಗತಿಯ ಪಾಠದಿಂದಲೇ ಶುರು ಮಾಡುತ್ತಿದ್ದಳು. ಮುಂಬೈ ಮತ್ತು ವಡೋದರಾದಲ್ಲಿ ಇದನ್ನು ಅಧ್ಯಯನ ಮಾಡಿದವರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಇದ್ದರು. ಜಾಸ್ತಿ ಪ್ರಯೋಜನ ಆದದ್ದು ಎಲ್ಲರಿಗಿಂತ ಹಿಂದೆ ಇದ್ದ ಮಕ್ಕಳಿಗೆ ಅಂತ 2007ರಲ್ಲಿ ಪ್ರಕಟವಾಯಿತು. ಅವರಿಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಶಾಲೆಯ ಹಿಂದಿನ ಬೆಂಚಿನ ಮಕ್ಕಳೇ ನೆನಪಾದರು.

ಈಗ ನೀನು ಮಾಡಬೇಕಾದ್ದು ಹೇಳುತ್ತೇನೆ. ಒಂದು ಭಾನುವಾರ, ಹೊಟ್ಟೆ ತುಂಬಿದ ಮೇಲೆ, ಅರ್ಧ ಗಂಟೆ ಕೂತುಕೋ. ಟೆಸ್ಟ್ ಅಂತ ಹೇಳಬೇಡ. ಮೊದಲು ಸಂಖ್ಯೆ ಹೇಳಿ ಬರೆಸು. ಹತ್ತು ಸಂಖ್ಯೆ ಕನ್ನಡದಲ್ಲಿ ಹೇಳು, ಹತ್ತು ಮರಾಠಿಯಲ್ಲಿ. ಇಂಗ್ಲಿಷಿನದನ್ನು ಪಕ್ಕದ ಮನೆಯ ಕಾಲೇಜು ಮಕ್ಕಳು ಯಾರಾದರೂ ಹೇಳಲಿ. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಇಡು. ಆಮೇಲೆ ದಶಕ ತೆಗೆಯುವ ಕಳೆಯುವ ಲೆಕ್ಕ ನಾಲ್ಕು ಕೊಡು, 52ರಿಂದ 27 ಕಳೆಯುವಂಥದ್ದು. ಅದು ಬಂದರೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಹಳ್ಳಿಗಳಲ್ಲಿ 2005ರಿಂದ ನಡೆಯುವ 'ಅಸರ್' ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇದೇ ಮೆಟ್ಟಿಲು. ಅಂಕಿ ಗುರುತಿಸುವುದು, ಕಳೆಯುವುದು, ಭಾಗಿಸುವುದು. ಅಷ್ಟು ಸಾಕು, ಮಗು ಎಲ್ಲಿದೆ ಅಂತ ಕಾಣುತ್ತದೆ.

ತಪ್ಪು ಮಾಡಿದರೆ ತಿದ್ದಬೇಡ. "ಇದು ಹೇಗೆ ಮಾಡಿದೆ, ನಂಗೆ ಹೇಳು" ಅಂತ ಕೇಳು. ಅವನು ಹೇಳಿದ್ದನ್ನು ಹಾಗೇ ಬರೆದುಕೋ. ಅದನ್ನು ಇಲ್ಲಿ ಹಾಕು. ನೋಡೋಣ.

ಕಲ್ಯಾಣ್ ಅಪ್ಪ

ಟೀಚರ್ ಹೇಳಿದ್ದು ಒಪ್ಪುತ್ತೇನೆ. ನನ್ನ ಮಗಳನ್ನೂ ಹೀಗೆ ಕೂರಿಸಿ ನೋಡಿಲ್ಲ. ಈ ಭಾನುವಾರ ನಾನೂ ಮಾಡುತ್ತೇನೆ.

ಭಾಂಡುಪ್ ಅಮ್ಮ (ಸೋಮವಾರ)

ಟೀಚರ್, ಮಾಡಿದೆ. ಕನ್ನಡದಲ್ಲಿ ಹೇಳಿದ ಹತ್ತೂ ಸಂಖ್ಯೆ ಸರಿ. ಇಂಗ್ಲಿಷ್‌ನಲ್ಲಿ ಎಂಟು ಸರಿ, ತರ್ಟೀನ್‌ಗೆ 30, ಫಿಫ್ಟೀನ್‌ಗೆ 50 ಬರೆದ. ಆಶ್ಚರ್ಯ ಅಂದರೆ ಮರಾಠಿಯಲ್ಲಿ ಐದೇ ಸರಿ. ನಾಲ್ಕು ವರ್ಷ ಓದಿದ್ದೇ ಮರಾಠಿಯಲ್ಲಿ! ಪಂಚವೀಸ ಅಂದರೆ 52 ಬರೆಯುತ್ತಾನೆ. ಸತ್ತೇಚಾಳೀಸ ಅಂದರೆ 74.

ಕಳೆಯುವ ಲೆಕ್ಕ ನಾಲ್ಕೂ ತಪ್ಪು. 52 − 27ಕ್ಕೆ 35 ಬರೆದ. ಹೇಗೆ ಅಂತ ಕೇಳಿದೆ. "ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು" ಅಂದ. "ದೊಡ್ಡದರಿಂದಲೇ ಸಣ್ಣದನ್ನು ಕಳೆಯಬೇಕು ಅಂತ ಬಾಯಿ ಹೇಳಿದ್ದರು" ಅಂದ. ಮರಾಠಿ ಶಾಲೆಯಲ್ಲಿ ಟೀಚರನ್ನು ಬಾಯಿ ಅಂತಾರೆ, ಗೊತ್ತಲ್ವಾ. ಇದು ಮೂರನೆಯ ಕ್ಲಾಸಿನ ಲೆಕ್ಕ. ಇಷ್ಟು ದಿನ ನಾನು ನೋಡಿಯೇ ಇಲ್ಲವಲ್ಲ ಅನ್ನಿಸಿತು.

ವಡಾಲಾ ಟೀಚರ್ (ನಿವೃತ್ತ)

ಬೇಜಾರು ಮಾಡಿಕೊಳ್ಳಬೇಡ. ಈಗ ನಮಗೆ ಹುಡುಗನ ವಿಳಾಸ ಸಿಕ್ಕಿತು. ಅವನು ಲಕ್ಷ್ಯ ಕೊಡದವನಲ್ಲ. ಯಾವಾಗಲೋ ಕೇಳಿದ ಒಂದು ಮಾತನ್ನು ನಿಯತ್ತಾಗಿ ಪಾಲಿಸುತ್ತಿದ್ದಾನೆ.

ಕೊಥ್ರೂಡ್ ಗಣಿತ, ಪುಣೆ

ಮರಾಠಿ ಸಂಖ್ಯೆಗಳ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಹೇಳಬೇಕು. ಇದು ನಮ್ಮ ಕನ್ನಡ ಮಕ್ಕಳಿಗೆ ಇಲ್ಲಿ ಬರುವ ವಿಶೇಷ ತೊಡಕು.

ಕನ್ನಡದಲ್ಲಿ ನಾವು ಇಪ್ಪತ್ತೈದು ಅನ್ನುತ್ತೇವೆ. ಮೊದಲು ಇಪ್ಪತ್ತು, ಆಮೇಲೆ ಐದು. ಬರೆಯುವುದೂ ಅದೇ ಕ್ರಮದಲ್ಲಿ, 2 ಆಮೇಲೆ 5. ಮರಾಠಿಯಲ್ಲಿ ಪಂಚವೀಸ. ಮೊದಲು ಐದು ಕೇಳಿಸುತ್ತದೆ, ಆಮೇಲೆ ಇಪ್ಪತ್ತು. ಕನ್ನಡದ ಕಿವಿ ಇರುವ ಮಗು ಕೇಳಿದ ಕ್ರಮದಲ್ಲೇ ಬರೆಯುತ್ತದೆ, 52 ಆಗುತ್ತದೆ. ಇಪ್ಪತ್ತೊಂಬತ್ತಕ್ಕೆ ಅವರು ಏಕೋಣತೀಸ ಅನ್ನುತ್ತಾರೆ, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಒಂಬತ್ತು ಅನ್ನುವ ಶಬ್ದವೇ ಅದರಲ್ಲಿಲ್ಲ. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಹುಟ್ಟಿದಾಗಿನಿಂದ ಕೇಳಿ ರೂಢಿ. ನಮ್ಮ ಮಕ್ಕಳಿಗೆ ಇಲ್ಲ.

ಮರಾಠಿ ಮಕ್ಕಳಿಗೂ ಇದು ಕಷ್ಟವೇ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವಾದ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕದಲ್ಲಿ 'ಏಕವೀಸ' ಜೊತೆಗೆ 'ವೀಸ ಏಕ' ಅಂತಲೂ ಕೊಟ್ಟರು. ಅಂದರೆ ನಮ್ಮ ಇಪ್ಪತ್ತೊಂದರ ಕ್ರಮ. ಆಗ ಮಹಾರಾಷ್ಟ್ರದಲ್ಲಿ ದೊಡ್ಡ ವಾದವೇ ಆಯಿತು. ಗಣಿತ ಸಮಿತಿಯ ಅಧ್ಯಕ್ಷೆಯಾಗಿದ್ದ ಮಂಗಲಾ ನಾರಳಿಕರ್ ಅದನ್ನು ಸಮರ್ಥಿಸಿ ಮಾತಾಡಿದ್ದರು. ಮಗುವಿಗೆ ಸ್ಥಾನಬೆಲೆ ಕಣ್ಣಿಗೆ ಕಾಣಬೇಕು, ಅದು ಮುಖ್ಯ ಅಂತ ನನಗೂ ಅನ್ನಿಸುತ್ತದೆ.

ಅಕ್ಕ, ನಿಮ್ಮ ಮಗನ ಕನ್ನಡದ ಹಾಳೆ ಪೂರ್ತಿ ಸರಿ ಇದೆ. ಅವನಿಗೆ ಸ್ಥಾನಬೆಲೆ ಗೊತ್ತು. ಅಡಿಪಾಯ ಕನ್ನಡದಲ್ಲಿ ಭದ್ರವಾಗಿದೆ, ಅದನ್ನೇ ಬಳಸಿ. ಪಂಚವೀಸ ಕೇಳಿದ ಕೂಡಲೇ "ಇಪ್ಪತ್ತೈದು" ಅಂತ ಬಾಯಲ್ಲಿ ಹೇಳಿ ಆಮೇಲೆ ಬರೆಯಲಿ. ದಿನಕ್ಕೆ ಐದೇ ಸಂಖ್ಯೆ ಸಾಕು. ಇಂಗ್ಲಿಷಿನಲ್ಲೂ ಹದಿಮೂರರಿಂದ ಹತ್ತೊಂಬತ್ತರವರೆಗೆ ಹೀಗೇ ಹಿಂದುಮುಂದು ಇದೆ. ಆ ಏಳನ್ನು ಮಾತ್ರ ಬೇರೆ ಕಲಿಸಿ.

ವಡಾಲಾ ಟೀಚರ್ (ನಿವೃತ್ತ)

ಸರಿಯಾಗಿ ಹೇಳಿದಿರಿ ಸರ್. ಇನ್ನು ಕಳೆಯುವ ಲೆಕ್ಕಕ್ಕೆ ಬರುತ್ತೇನೆ. ಇಂಗ್ಲಿಷ್ ಟೀಚರ್ 'ಬಾರೋ' (borrow) ಅನ್ನುತ್ತಾರೆ. ಮರಾಠಿಯಲ್ಲಿ 'ಹಾತಚಾ'. ನಾವು ಊರಲ್ಲಿ 'ಸಾಲ ತಗೋ' ಅಂತ ಕಲಿತವರು. ನನ್ನ ಶಾಲೆಯಲ್ಲಿ ಒಬ್ಬ ಹುಡುಗ "ಸಾಲ ತಗೊಂಡರೆ ಯಾವಾಗ ವಾಪಸ್ ಕೊಡೋದು ಟೀಚರ್?" ಅಂತ ಕೇಳಿದ್ದ. ಅವನ ಅಪ್ಪ ಊರಲ್ಲಿ ಸಾಲ ಮಾಡಿ ಇಲ್ಲಿಗೆ ಬಂದವರು. ಅವತ್ತಿನಿಂದ ನಾನು ಸಾಲ ಅನ್ನುವುದು ಬಿಟ್ಟೆ. 'ಚಿಲ್ಲರೆ ಮಾಡಿಸುವುದು' ಅನ್ನತೊಡಗಿದೆ. ಲೆಕ್ಕದಲ್ಲಿ ನಿಜವಾಗಿ ನಡೆಯುವುದು ಅದೇ ಅಲ್ವಾ?

ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಅವನ ಮುಂದಿಡು. 52 ರೂಪಾಯಿ ಆಯಿತು. "ನನಗೆ 27 ಕೊಡು" ಅನ್ನು. ಏಳು ಬಿಡಿ ನಾಣ್ಯ ಇಲ್ಲ. ಏನು ಮಾಡುತ್ತೀಯ ಅಂತ ಕೇಳಿ ಸುಮ್ಮನಿರು. ಅವನೇ ಒಂದು ನೋಟು ಕೊಟ್ಟು ಚಿಲ್ಲರೆ ಕೇಳುತ್ತಾನೆ. ಈಗ ನಾಲ್ಕು ನೋಟು, ಹನ್ನೆರಡು ನಾಣ್ಯ. ಏಳು ನಾಣ್ಯ, ಎರಡು ನೋಟು ಕೊಟ್ಟ ಮೇಲೆ ಉಳಿದದ್ದು 25. ಮೂರು ದಿನ ಬರೀ ದುಡ್ಡಿನಲ್ಲೇ ಆಡಿಸು. ನಾಲ್ಕನೇ ದಿನ ಅದನ್ನೇ ಕಾಗದದಲ್ಲಿ ಬರೆಸು. ದಿನಕ್ಕೆ ಇಪ್ಪತ್ತು ನಿಮಿಷ ಮೀರಬೇಡ.

ಇನ್ನೊಂದು ಮುಖ್ಯ ವಿಷಯ. ಇಂಗ್ಲಿಷ್ ಬರಲ್ಲ ಅಂತ ಬರೆದಿದ್ದೆ. ಅವನ ಗಣಿತದ ಪುಸ್ತಕ ಬಾಲಭಾರತಿಯದೇ ಆಗಿದ್ದರೆ ಅದು ಕನ್ನಡದಲ್ಲೂ ಸಿಗುತ್ತದೆ. ಪುಣೆಯಲ್ಲಿ 1967ರಲ್ಲಿ ಶುರುವಾದ ಈ ಮಂಡಳ ಎಂಟು ಭಾಷೆಯಲ್ಲಿ ಪಠ್ಯಪುಸ್ತಕ ಮಾಡುತ್ತದೆ, ಕನ್ನಡವೂ ಅದರಲ್ಲಿದೆ. ನಮ್ಮ ಕನ್ನಡ ಶಾಲೆಗಳಲ್ಲಿ ನಾವು ಓದಿಸಿದ್ದು ಅದನ್ನೇ. ಅವರ ಜಾಲತಾಣದಲ್ಲಿ ಪಿಡಿಎಫ್ ಉಚಿತ. ಐದನೇ ತರಗತಿ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಮೊಬೈಲಿಗೆ ಇಳಿಸಿಕೋ. ಅವನ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಡು. ಅದೇ ಪಾಠ, ಅದೇ ಲೆಕ್ಕ. ನೀನು ಕನ್ನಡದಲ್ಲಿ ಓದಿ ಅರ್ಥ ಮಾಡಿಕೋ, ಅವನು ಇಂಗ್ಲಿಷ್‌ನಲ್ಲಿ ಬರೆಯಲಿ.

ಭಾಂಡುಪ್ ಅಮ್ಮ

ಟೀಚರ್, ಸಿಕ್ಕಿತು! ಇಷ್ಟು ವರ್ಷ ಇಲ್ಲಿದ್ದೂ ಇದು ಗೊತ್ತಿರಲಿಲ್ಲ. ಮಧ್ಯಾಹ್ನ ಕೂತು ಎರಡು ಪಾಠ ಓದಿದೆ. ನನಗೆ ಅರ್ಥ ಆಗುತ್ತಿದೆ.

ಠಾಣೆ ಅಮ್ಮ

ನನಗೆ ಒಂದು ಗೊಂದಲ. ನನ್ನ ಮಗಳ ಶಾಲೆಯಲ್ಲಿ "ಮನೆಯಲ್ಲಿ ನಿಮ್ಮ ಭಾಷೆ ನಿಲ್ಲಿಸಿ, ಇಂಗ್ಲಿಷ್ ಮಾತಾಡಿ, ಆಗಲೇ ಮುಂದೆ ಬರುತ್ತಾಳೆ" ಅಂದರು. ಆರು ತಿಂಗಳಿಂದ ನಾವು ಹರಕುಮುರುಕು ಇಂಗ್ಲಿಷ್‌ನಲ್ಲೇ ಮಾತಾಡುತ್ತಿದ್ದೇವೆ. ಈಗ ಅವಳು ಮೊದಲಿನ ಹಾಗೆ ಮಾತೇ ಆಡುವುದಿಲ್ಲ. ಶಾಲೆಯಲ್ಲಿ ಏನಾಯಿತು ಅಂದರೆ "ಗುಡ್" ಅಂತಾಳೆ, ಅಷ್ಟೇ. ಇಲ್ಲಿ ನೀವೆಲ್ಲ ಕನ್ನಡದಲ್ಲೇ ಹೇಳಿಕೊಡಿ ಅನ್ನುತ್ತಿದ್ದೀರಿ. ಯಾವುದು ಸರಿ?

ಕೊಥ್ರೂಡ್ ಗಣಿತ, ಪುಣೆ

ಅಕ್ಕ, ಇವತ್ತೇ ಕನ್ನಡಕ್ಕೆ ವಾಪಸ್ ಬನ್ನಿ. ಮಗು ಯೋಚನೆ ಮಾಡುವುದು ತನಗೆ ಚೆನ್ನಾಗಿ ಬರುವ ಭಾಷೆಯಲ್ಲಿ. ನಿಮಗೂ ಅವಳಿಗೂ ಪೂರ್ತಿ ಬರುವ ಭಾಷೆ ಕಿತ್ತುಕೊಂಡರೆ 'ಯಾಕೆ', 'ಹೇಗೆ' ಅನ್ನುವ ಮಾತುಕತೆಯೇ ನಿಂತುಹೋಗುತ್ತದೆ. ಆಗಬಹುದಾದಲ್ಲೆಲ್ಲ ಕಲಿಕೆ ತಾಯ್ನುಡಿಯಲ್ಲಿರಲಿ ಅಂತ ಆರ್‌ಟಿಇ ಕಾನೂನೇ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲಿ ಕನಿಷ್ಠ ಐದನೆಯವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಇಂಗ್ಲಿಷ್ ಖಂಡಿತ ಬೇಕು, ಅದನ್ನು ಚೆನ್ನಾಗಿ ಬಲ್ಲವರಿಂದ ಕಲಿಯಲಿ. ರಾತ್ರಿ ಊಟಕ್ಕೆ ಕೂತಾಗ ಇವತ್ತಿನ ವಿಜ್ಞಾನದ ಪಾಠವನ್ನು ಕನ್ನಡದಲ್ಲಿ ನಿಮಗೆ ಹೇಳಲಿ. ಹೇಳಲು ಬಂದರೆ ಅರ್ಥವಾಗಿದೆ ಅಂತ.

ಠಾಣೆ ಅಮ್ಮ

ಸರ್, ಓದಿ ಕಣ್ಣಲ್ಲಿ ನೀರು ಬಂತು. ಇವತ್ತು ರಾತ್ರಿ ಅಜ್ಜಿಗೆ ಫೋನ್ ಹಚ್ಚಿ ಕೊಡುತ್ತೇನೆ. ಆರು ತಿಂಗಳಿಂದ ಅಜ್ಜಿ ಜೊತೆಗೂ ಇವಳ ಮಾತು ನಿಂತಿದೆ.

ಫೋರ್ಟ್ ರಾತ್ರಿ ಶಾಲೆ

ಎಲ್ಲರ ಮಾತು ಓದುತ್ತಿದ್ದೆ. ನನ್ನದೂ ಒಂದು ಸೇರಿಸುತ್ತೇನೆ.

ನಾನು 14ನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಮುಂಬೈಗೆ ಬಂದೆ. ಫೋರ್ಟ್‌ನ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಸಂಜೆ ಕನ್ನಡ ರಾತ್ರಿ ಶಾಲೆ. ನಮ್ಮಂಥ ಎಷ್ಟು ಹೋಟೆಲ್ ಹುಡುಗರು ಆ ಶಾಲೆಗಳಲ್ಲಿ ಓದಿ ಮುಂದೆ ಬಂದರು ಅನ್ನುವುದು ಹಳೆಯ ಮುಂಬೈ ಕನ್ನಡಿಗರಿಗೆಲ್ಲ ಗೊತ್ತು. ಊರಲ್ಲಿ ಐದನೆಯದನ್ನು ಅರ್ಧಕ್ಕೆ ಬಿಟ್ಟವನು ನಾನು. ಇಲ್ಲಿ ವಯಸ್ಸು ನೋಡಿ ಎಂಟನೆಗೆ ಕೂರಿಸಿದರು. ಬೋರ್ಡಿನ ಮೇಲೆ ಬೀಜಗಣಿತ. ನನಗೆ ಅರ್ಧ, ಕಾಲು ಕೂಡಿಸಲು ಬರುತ್ತಿರಲಿಲ್ಲ. ಒಬ್ಬ ಮಾಸ್ತರರು ಅದನ್ನು ಕಂಡುಹಿಡಿದರು. ಎಲ್ಲರ ಮುಂದೆ ಹೇಳಲಿಲ್ಲ. ಕ್ಲಾಸ್ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿಸಿಕೊಂಡರು. "ಕಟಿಂಗ್ ಅಂದರೆ ಎಷ್ಟು?" ಅಂತ ಕೇಳಿದರು. ಅರ್ಧ ಚಹಾ ಅಂದೆ. "ಮೂರು ಕಟಿಂಗ್ ಕೊಟ್ಟರೆ ಎಷ್ಟು ಫುಲ್ ಚಹಾ?" ಒಂದೂವರೆ ಅಂದೆ. "ಬರುತ್ತದಲ್ಲೋ ನಿನಗೆ ಭಿನ್ನರಾಶಿ" ಅಂದರು.

ದಿನಕ್ಕೆ ಹತ್ತೇ ನಿಮಿಷ, ಸುಮಾರು ನಾಲ್ಕು ತಿಂಗಳು. ಹತ್ತನೆಯ ಪರೀಕ್ಷೆಯಲ್ಲಿ ಗಣಿತ ಪಾಸಾದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಈಗ ನಿವೃತ್ತನಾಗಿದ್ದೇನೆ. ಭಾಂಡುಪ್ ತಂಗಿ, ನಿಮ್ಮ ಯಜಮಾನರು ಕ್ಯಾಂಟೀನಿನಲ್ಲಿದ್ದಾರೆ ಅಂದಿರಲ್ಲ. 40 ಜನಕ್ಕೆ ಇಷ್ಟು ಅಕ್ಕಿ ಆದರೆ 100 ಜನಕ್ಕೆ ಎಷ್ಟು ಅಂತ ಮಗನನ್ನು ಕೇಳಲು ಹೇಳಿ. ಅಪ್ಪನ ಕೆಲಸದಲ್ಲಿ ಎಷ್ಟು ಗಣಿತ ಇದೆ ಅಂತ ಅವನೂ ನೋಡಲಿ.

ಪಿಂಪ್ರಿ ಅಪ್ಪ, ಪುಣೆ

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ನನ್ನ ಮಗ ಬಾಯಲ್ಲಿ ಎಲ್ಲ ಹೇಳುತ್ತಿದ್ದ, ಬರೆಯಲು ಕೂತರೆ ಅಕ್ಷರ ಉಲ್ಟಾ, ಸಾಲು ಬಿಟ್ಟು ಸಾಲು ಓದುವುದು. ಮೂರು ವರ್ಷ ಶಾಲೆಯಲ್ಲಿ ಸೋಮಾರಿ ಅಂದರು. ನಾನೂ ನಂಬಿದೆ. ಹೊಡೆದಿದ್ದೇನೆ ಕೂಡ, ಅದನ್ನು ನೆನೆಸಿದರೆ ಈಗಲೂ ನಿದ್ದೆ ಬರುವುದಿಲ್ಲ. ಕೊನೆಗೆ ಒಬ್ಬ ವೈದ್ಯರು ಪರೀಕ್ಷೆ ಮಾಡಿಸಿದರು. ಡಿಸ್ಲೆಕ್ಸಿಯಾ.

2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಗಳಿವೆ. ಕಲಿಕೆಯ ಈ ತೊಂದರೆಯೂ ಅದರಲ್ಲಿ ಒಂದು. ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಇದ್ದರೆ ಹತ್ತನೆಯ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಇಂಥ ಸೌಲಭ್ಯ ಸಿಗುತ್ತವೆ. ಮುಂಬೈಯಲ್ಲಿ ಸಾಯನ್ ಆಸ್ಪತ್ರೆಯಲ್ಲಿ ಇದಕ್ಕೇ ವಿಭಾಗ ಇದೆ. ಹತ್ತನೆಯವರೆಗೆ ಕಾಯಬೇಡಿ, ಪ್ರಮಾಣಪತ್ರಕ್ಕೆ ತಿಂಗಳುಗಟ್ಟಲೆ ಓಡಾಟ ಆಗಬಹುದು.

ಭಾಂಡುಪ್ ಅಕ್ಕ, ನಿಮ್ಮ ಮಗನಿಗೆ ಇದು ಇದೆ ಅಂತ ಹೇಳುತ್ತಿಲ್ಲ. ಅವನು ಮರಾಠಿ ಚೆನ್ನಾಗಿ ಓದುತ್ತಾನೆ, ಕನ್ನಡದಲ್ಲಿ ಸಂಖ್ಯೆ ಸರಿ ಬರೆಯುತ್ತಾನೆ. ಆದರೆ ಇಲ್ಲಿ ಓದುತ್ತಿರುವ ಬೇರೆ ತಂದೆ ತಾಯಿಗೆ ಬೇಕಾಗಬಹುದು.

ವಾಸ್ಕೋ ಭಾನುವಾರದ ಶಾಲೆ, ಗೋವಾ

ನಮಸ್ಕಾರ ರೀ. ನಾವು ಕೆಲವರು ಝುವಾರಿನಗರದಲ್ಲಿ ಭಾನುವಾರ ಮಕ್ಕಳಿಗೆ ಓದಿಸುತ್ತೇವೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ ಕಡೆಯ ಕಟ್ಟಡ ಕೆಲಸಗಾರರ ಮಕ್ಕಳು. ಇಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಅಂದರೆ ಹೆಚ್ಚಾಗಿ ಮರಾಠಿ ಅಥವಾ ಕೊಂಕಣಿ, ಐದನೆಯಿಂದ ಇಂಗ್ಲಿಷ್. ಭಾಂಡುಪ್ ಅಕ್ಕನ ಮಗನ ಕಥೆಯೇ ಇಲ್ಲಿ ಮನೆಮನೆಯಲ್ಲಿದೆ.

ನಮ್ಮ ದೊಡ್ಡ ತೊಂದರೆ ಬೇರೆ ರೀ. ಮಗು ಊರಿಗೆ ಜಾತ್ರೆಗೆ ಹೋಗುತ್ತದೆ, ಬಿತ್ತನೆಗೆ ಹೋಗುತ್ತದೆ, ಎರಡು ತಿಂಗಳು ಬರುವುದಿಲ್ಲ. ಬಂದ ಮೇಲೆ ಪಾಠ ಎಲ್ಲಿಗೋ ಹೋಗಿರುತ್ತದೆ. ಒಬ್ಬ ಹುಡುಗಿಯನ್ನು ಟಿ.ಸಿ. ಇಲ್ಲ ಅಂತ ಶಾಲೆಯವರು ವಾಪಸ್ ಕಳಿಸಿದ್ದರು. ನಾವು ನಾಲ್ಕು ಜನ ಕಾನೂನಿನ ಪ್ರತಿ ಹಿಡಿದು ಹೋದೆವು. ಆರ್‌ಟಿಇ ಪ್ರಕಾರ ಟಿ.ಸಿ. ತಡವಾಯಿತು ಅಂತ, ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಅಂತಲೂ ಇದೆ. ಮುಖ್ಯೋಪಾಧ್ಯಾಯರು ಓದಿ ನೋಡಿ ಸೇರಿಸಿಕೊಂಡರು.

ಊರಿಗೆ ಹೋಗುವ ಮಕ್ಕಳಿಗೆ ನಾವು ಈಗ ಒಂದು ಚಿಕ್ಕ ನೋಟ್‌ಬುಕ್ ಕಟ್ಟಿ ಕೊಡುತ್ತೇವೆ. ಮೊದಲ ಪುಟದಲ್ಲಿ ಕನ್ನಡದಲ್ಲಿ ಬರೆಯುತ್ತೇವೆ: 'ಈ ಮಗು ಕಳೆಯುವ ಲೆಕ್ಕದವರೆಗೆ ಬಂದಿದೆ, ಗುಣಾಕಾರ ಶುರು ಮಾಡಬೇಕು.' ಊರಿನ ಮಾಸ್ತರರು ಅದನ್ನು ನೋಡಿ ಅಲ್ಲಿಂದ ಮುಂದುವರಿಸಿದ್ದೂ ಉಂಟು. ಆ ಸಲ ಬಹಳ ಸಂತೋಷ ಆಯಿತು ರೀ.

ಮೀರಾ ರೋಡ್ ಉಪನ್ಯಾಸಕಿ

ಓದುವ ರೀತಿಯ ಬಗ್ಗೆ ಚಿಕ್ಕದಾಗಿ. ನಮ್ಮ ಮಕ್ಕಳು ಪುಸ್ತಕ ತೆರೆದಿಟ್ಟು ಐದು ಸಲ ಓದುತ್ತಾರೆ. ಓದಿದ್ದು ನೆನಪಿದೆ ಅನ್ನಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪಾಠ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು. ಎರಡು ದಿನ, ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿ ಬರೆದವರು ಮುಂದು. ಹಾಗಾಗಿ ಒಂದು ಸಲ ಓದಿ, ಪುಸ್ತಕ ಮುಚ್ಚಿ, ಹೇಳಲಿ. ಭಾನುವಾರ ಕಳೆದ ವಾರದ್ದನ್ನು ಮತ್ತೊಮ್ಮೆ ಕೇಳಿ. ನನ್ನ ಕಾಲೇಜಿನ ಮಕ್ಕಳಿಗೂ ಇದನ್ನೇ ಹೇಳುತ್ತೇನೆ.

ಐರೋಲಿ ಟೀಚರ್ (ಈಗಲೂ ಕೆಲಸದಲ್ಲಿ)

ಶಾಲೆಯ ಕಡೆಯಿಂದಲೂ ಯಾರಾದರೂ ಮಾತಾಡಬೇಕು. ನನ್ನ ಕ್ಲಾಸಿನಲ್ಲಿ 58 ಮಕ್ಕಳಿದ್ದಾರೆ. ಕಾನೂನಿನ ಪ್ರಕಾರ ಐದನೆಯವರೆಗೆ ಸುಮಾರು 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ಪಾಲಕರ ಸಭೆಯ ದಿನ ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟರೂ ಎರಡು ಗಂಟೆ ಆಗುತ್ತದೆ. ಆ ಟೀಚರ್ ಹೇಳಿದ್ದು ಸರಿ ಅನ್ನುವುದಿಲ್ಲ. ಆದರೆ ಅವರಿಗೆ ಕೆಟ್ಟ ಮನಸ್ಸು ಇರಬೇಕಾಗಿಲ್ಲ.

ಅಕ್ಕ, ಬೇರೆ ದಿನ ಹೋಗಿ. ಮೊದಲೇ ಡೈರಿಯಲ್ಲಿ ಬರೆದು ಹತ್ತು ನಿಮಿಷ ಸಮಯ ಕೇಳಿ. "ನನ್ನ ಮಗ ಹೇಗಿದ್ದಾನೆ?" ಅಂತ ಕೇಳಿದರೆ "ಲಕ್ಷ್ಯ ಇಲ್ಲ" ಅನ್ನುವ ಉತ್ತರವೇ ಬರುತ್ತದೆ. ಆ ಮೂರು ಹಾಳೆ ತೋರಿಸಿ. "ಇವನಿಗೆ ಚಿಲ್ಲರೆ ಮಾಡಿ ಕಳೆಯುವುದು ಬರುತ್ತಿರಲಿಲ್ಲ, ನಾನು ಮನೆಯಲ್ಲಿ ಮಾಡಿಸುತ್ತಿದ್ದೇನೆ, ಮುಂದಿನದು ಯಾವುದು?" ಅಂತ ಕೇಳಿ. ಒಬ್ಬ ತಾಯಿ ಹೀಗೆ ಬಂದರೆ ನಾನಾದರೆ ಆ ಮಗುವನ್ನು ಮರೆಯುವುದಿಲ್ಲ. ಮುಂದಿನ ಬೆಂಚಿಗೆ ಕೂರಿಸಲು ಕೇಳಿ. ಇಂಗ್ಲಿಷ್ ಲೆಕ್ಕದಲ್ಲಿ ಬರುವ ಶಬ್ದಗಳ ಪಟ್ಟಿ ಕೇಳಿ: ಟೋಟಲ್, ಡಿಫರೆನ್ಸ್, ರಿಮೇನಿಂಗ್, ಈಚ್. ಎಷ್ಟೋ ಮಕ್ಕಳಿಗೆ ಲೆಕ್ಕ ಬರುತ್ತದೆ, ಈ ಶಬ್ದ ಬರುವುದಿಲ್ಲ.

ಶಾಲೆ ಸರ್ಕಾರಿಯೋ ಅನುದಾನಿತವೋ ಆಗಿದ್ದರೆ ಶಾಲಾ ವ್ಯವಸ್ಥಾಪನ ಸಮಿತಿ ಇರುತ್ತದೆ. ಅದರಲ್ಲಿ ನಾಲ್ಕರಲ್ಲಿ ಮೂರು ಭಾಗ ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮವರು ಅದರಲ್ಲಿ ಕಾಣುವುದೇ ಇಲ್ಲ. ಭಾಷೆ ಬರಲ್ಲ ಅಂತ ಹಿಂದೆ ಸರಿಯುತ್ತಾರೆ. ದಯವಿಟ್ಟು ಸೇರಿ.

ಭಾಂಡುಪ್ ಅಮ್ಮ (ಸೆಪ್ಟೆಂಬರ್ ಕೊನೆ)

ಹೋಗಿ ಬಂದೆ. ಮಾತು ಬರೆದುಕೊಂಡು ಹೋಗಿದ್ದೆ, ಅರ್ಧ ಮರಾಠಿ, ಅರ್ಧ ಹಿಂದಿ. ಕೈ ನಡುಗುತ್ತಿತ್ತು. ಟೀಚರ್ ಹಾಳೆಗಳನ್ನು ನೋಡಿದರು. ಪಂಚವೀಸದ ವಿಷಯ ಹೇಳಿದಾಗ, "ಇದು ನನಗೆ ಹೊಳೆದೇ ಇರಲಿಲ್ಲ, ಕ್ಲಾಸಿನಲ್ಲಿ ಇನ್ನೂ ಇಬ್ಬರು ತೆಲುಗು ಮಕ್ಕಳು ಹೀಗೇ ಬರೆಯುತ್ತಾರೆ" ಅಂದರು. ಶಬ್ದಗಳ ಪಟ್ಟಿ ಕೊಟ್ಟರು. ನಾನು ಪಕ್ಕದಲ್ಲಿ ಒಟ್ಟು, ವ್ಯತ್ಯಾಸ, ಉಳಿದದ್ದು, ಒಬ್ಬೊಬ್ಬರಿಗೆ ಅಂತ ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಕ್ಲಾಸಿಗೆ ಸದ್ಯ ಹಾಕಿಲ್ಲ.

ಭಾಂಡುಪ್ ಅಮ್ಮ (ದೀಪಾವಳಿ ರಜೆ)

ಮೊದಲ ಸತ್ರದ ಪರೀಕ್ಷೆ ಆಯಿತು. ಗಣಿತಕ್ಕೆ 50ರಲ್ಲಿ 23. ಕಳೆಯುವ ಲೆಕ್ಕ ಒಂದೂ ತಪ್ಪಿಲ್ಲ. ಇಂಗ್ಲಿಷ್‌ನಲ್ಲಿ ಉದ್ದಕ್ಕೆ ಬರೆದ ಲೆಕ್ಕಗಳು ಇನ್ನೂ ಕಷ್ಟ, ಎರಡು ಬಿಟ್ಟು ಬಂದಿದ್ದಾನೆ. ಉತ್ತರ ಪತ್ರಿಕೆ ಕೊಟ್ಟ ದಿನ ಅವನೇ ಬ್ಯಾಗಿನಿಂದ ತೆಗೆದು ಅಡುಗೆಮನೆಗೆ ತಂದು ತೋರಿಸಿದ.

ಟೀಚರ್, ಈಗ ಭಾಗಾಕಾರಕ್ಕೆ ಬಂದಿದ್ದೇವೆ. 432ನ್ನು 4ರಿಂದ ಭಾಗಿಸಿದರೆ 18 ಬರೆಯುತ್ತಾನೆ. ಮಧ್ಯದ ಸೊನ್ನೆ ಹಾಕುವುದಿಲ್ಲ. ಇದಕ್ಕೂ ದುಡ್ಡು ಇಡಲಾ?

ವಡಾಲಾ ಟೀಚರ್ (ನಿವೃತ್ತ)

ಇಡು. ನೂರರ ನಾಲ್ಕು ನೋಟು, ಹತ್ತರ ಮೂರು, ಎರಡು ನಾಣ್ಯ. ನಾಲ್ಕು ತಟ್ಟೆ ಇಟ್ಟು ಹಂಚಲು ಹೇಳು. ನೂರರದು ಒಂದೊಂದು ಬಂತು. ಹತ್ತರ ನೋಟು ಮೂರೇ ಇವೆ, ತಟ್ಟೆ ನಾಲ್ಕು. ಹತ್ತರದು ಯಾರಿಗೂ ಇಲ್ಲ. "ಯಾರಿಗೂ ಇಲ್ಲ ಅಂತ ಹೇಗೆ ಬರೆಯುತ್ತೀ?" ಅಂತ ಕೇಳು. ಸೊನ್ನೆಯನ್ನು ಅವನೇ ಬರೆಯಲಿ, ನೀನು ಹೇಳಬೇಡ. ಆಮೇಲೆ ಆ ಮೂರು ನೋಟನ್ನು ಚಿಲ್ಲರೆ ಮಾಡಿಸು. ಮೂವತ್ತೆರಡು ನಾಣ್ಯ ಆಗುತ್ತದೆ, ತಟ್ಟೆಗೆ ಎಂಟೆಂಟು. ಬಂದ ಮೇಲೆ 612ನ್ನು 6ರಿಂದ ಮಾಡಿಸಿ ನೋಡು. ಏನಾಯಿತು ಅಂತ ಬರೆ, ಕಾಯುತ್ತಿರುತ್ತೇನೆ.